‘ನೈಸ್’ ಎಂಬ ಶಬ್ದದ ವಿನೋದ

ಇಂಗ್ಲಿಷಿನ ‘ನೈಸ್’ ಶಬ್ದವು ‘ಅರಿಯದವನು’ ಎಂಬರ್ಥದ ಲ್ಯಾಟಿನ್ ಮೂಲದಿಂದ ಹೊರಟು, ಮೊದಲು ‘ಮೂಢ’, ಬಳಿಕ ‘ಅತಿ ನಾಜೂಕಿನ’, ‘ಸೂಕ್ಷ್ಮ’, 18ನೆಯ ಶತಮಾನದಲ್ಲಿ ‘ಸೊಗಸಾದ’ ಎಂಬ ಅರ್ಥಗಳನ್ನು ತಾಳಿತು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನರ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲಿ ಕ್ಯಾಥರಿನ್ ತನ್ನ ಮೆಚ್ಚಿನ ಪುಸ್ತಕವನ್ನು ಈ ಮಾತಿನಿಂದಲೇ ಹೊಗಳುತ್ತಾಳೆ. ಎಲ್ಲಕ್ಕೂ ಇದೊಂದೇ ಮಾತೇ ಎಂದು ಹೆನ್ರಿಯು ಪರಿಹಾಸ್ಯಮಾಡುತ್ತಾನೆ. ಲೇಖಕಿಯೂ ಅವನ ಪಕ್ಷವೆಂದು ಭಾವಿಸುವುದು ಸುಲಭ, ಆದರೆ ಸರಿಯಲ್ಲ. ಅವನ ಸೋದರಿ ಎಲಿನರ್ ಅದೇ ಶಬ್ದವನ್ನು ಹಳೆಯ ಅರ್ಥದಲ್ಲಿ ಅವನ ಮೇಲೆಯೇ ತಿರುಗಿಸಿ, ಅವನಲ್ಲಿ ವಿವೇಕಕ್ಕಿಂತ ನಾಜೂಕೇ ಹೆಚ್ಚೆನ್ನುತ್ತಾಳೆ. ಕನ್ನಡಿಸುವವರು ಎರಡೆಡೆಯಲ್ಲಿ ಸಂಬಂಧವಿಲ್ಲದ ಎರಡು ಮಾತುಗಳನ್ನಿಟ್ಟರೆ ಅರ್ಥವುಳಿದು ವಿನೋದವಳಿಯುವುದು. ಪುಸ್ತಕವನ್ನು ‘ಸೊಗಸು’ ಎಂದು, ಹೆನ್ರಿಯನ್ನು ‘ಸೊಗಸುಗಾರ’ನೆಂದರೆ, ಅರ್ಥವು ಕೊಂಚ ಸರಿದರೂ ಎಲಿನರಳ ಚಾಟು ಉಳಿಯುವುದು. ನಿಘಂಟಿಗಿಂತ ಸಂದರ್ಭವೇ ಅನುವಾದಕನಿಗೆ ಪ್ರಮಾಣವಲ್ಲವೆ?