ಓದಿದ ಸಾಕ್ಷಿ, ಕಂಡ ಸಾಕ್ಷಿ: ಲಿನಕ್ಸ್ ವರದಿಯೊಂದರ ವಿಮರ್ಶೆ

ಲಿನಕ್ಸ್ ಕರ್ನಲ್ಲಿನ ಕೋಡಿನಲ್ಲಿ ಅರ್ಧಕ್ಕೂ ಮಿಕ್ಕ ಭಾಗವು ಡ್ರೈವರುಗಳದು. ಎಂದರೆ ಕ್ಯಾಮೆರಾ, ನೆಟ್‌ವರ್ಕ್ ಕಾರ್ಡು ಮೊದಲಾದ ಒಂದೊಂದು ಸಾಧನವನ್ನೂ ನಡೆಸುವ ಭಾಗಗಳು. ಕರ್ನಲ್ಲಿಗೆ ಬರುವ ತಿದ್ದುಪಡಿಗಳನ್ನು ಪರಿಶೀಲಿಸುವ ಕ್ರಮವು ಎಷ್ಟು ನಂಬತಕ್ಕದ್ದೆಂಬ ಪ್ರಶ್ನೆಯು 2021ರಲ್ಲಿ ತೀವ್ರವಾಗಿ ಎದ್ದಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಹಿಂದಿನ ವರ್ಷ ಸುಳ್ಳು ಹೆಸರುಗಳಿಂದ ದೋಷಯುಕ್ತ ತಿದ್ದುಪಡಿಗಳನ್ನು ಕಳುಹಿಸಿ ಪರಿಶೀಲಕರನ್ನೇ ಪರೀಕ್ಷಿಸಿದ್ದುದು ಇದಕ್ಕೆ ಕಾರಣ. ಲಿನಕ್ಸ್ ಫೌಂಡೇಷನ್ನಿನ ತಾಂತ್ರಿಕ ಸಲಹಾ ಮಂಡಲಿಯು 2021ರ ಮೇ 5ರಂದು ಪ್ರಕಟಿಸಿದ ವರದಿಯೇ ಪ್ರಕೃತ ವಿಮರ್ಶೆಯ ವಸ್ತು.

ವಂಚನೆಯಿಂದ ಬಂದ ಐದರಲ್ಲಿ ತಪ್ಪಾಗಿದ್ದವೆಲ್ಲವೂ ಪತ್ತೆಯಾದುವು ಇಲ್ಲವೆ ಉಪೇಕ್ಷೆಗೊಳಗಾದುವು. ಆದುದರಿಂದ ಪರಿಶೀಲನೆಯು ಉದ್ದೇಶಿಸಿದಂತೆಯೇ ನಡೆಯಿತೆಂಬುದು ವರದಿಯ ತೀರ್ಮಾನ. ಇದನ್ನು ಒಪ್ಪುವುದು ಕಷ್ಟ. ಯಾರೂ ತೆರೆದು ನೋಡದ ಅರ್ಜಿಯು ಮಂಜೂರಾಗದಿದ್ದರೆ ಅದನ್ನು ಅಧಿಕಾರಿಯ ಜಾಗರೂಕತೆಯೆನ್ನಲಾದೀತೆ?

ವರದಿಯ ನಿಜವಾದ ಬೆಲೆಯಿರುವುದು ಅದರ ಅಂಕಿಗಳಲ್ಲಿ. ಆ ವಿಶ್ವವಿದ್ಯಾಲಯದವರಿಂದ ಹಿಂದೆ ಅಂಗೀಕಾರವಾಗಿದ್ದ 435 ತಿದ್ದುಪಡಿಗಳನ್ನು ಮರಳಿ ಓದಲಾಗಿ, 349 ಸರಿಯಾಗಿದ್ದುವು; 39 ತಪ್ಪಾಗಿದ್ದುವು; ಇನ್ನು 25ರ ದೋಷವನ್ನು ಆ ವೇಳೆಗಾಗಲೇ ಇತರರು ಸರಿಪಡಿಸಿದ್ದರು. ಅಂದರೆ 64 ದೋಷಗಳು ಪರಿಶೀಲನೆಯನ್ನು ದಾಟಿ ಒಳಬಂದಿದ್ದುವು. ಇವಕ್ಕೆ ಸುಳ್ಳು ಹೆಸರಿನ ಆಶ್ರಯವೂ ಬೇಕಾಗಿರಲಿಲ್ಲ! ಈ ಅಂಶದ ಮೇಲೆ ವರದಿಯು ಸಾಕಷ್ಟು ನಿಲ್ಲುವುದಿಲ್ಲ.

ಡ್ರೈವರುಗಳ ವಿಷಯದಲ್ಲಿ ಇದರ ಕಾರಣವನ್ನು ಊಹಿಸಬಹುದು. ಸಾಧನವು ಕೆಟ್ಟಾಗ ಮಾತ್ರ ನಡೆಯುವ ಭಾಗಗಳು ಅವುಗಳಲ್ಲಿ ಹೇರಳ. ಪಡೆದ ಮೆಮೊರಿಯನ್ನು ಅಲ್ಲಿ ಒಮ್ಮೆ, ಒಮ್ಮೆ ಮಾತ್ರ, ಹಿಂದಿರುಗಿಸಬೇಕು. ಮರೆತರೆ ನಷ್ಟ, ಎರಡು ಬಾರಿ ಮಾಡಿದರೆ ಅನರ್ಥ. ಪರಿಶೀಲಕನ ಕೈಯಲ್ಲಿ ಅನೇಕ ವೇಳೆ ಆ ಸಾಧನವೇ ಇರುವುದಿಲ್ಲ. ಅವನು ಬರೆಹವನ್ನಷ್ಟೇ ಓದುತ್ತಾನೆ. ಲಿನಕ್ಸಿನ ನಿಯಮಗಳು 'ರಿವ್ಯೂಡ್-ಬೈ' ಎಂದು ಓದಿದವನನ್ನೂ 'ಟೆಸ್ಟೆಡ್-ಬೈ' ಎಂದು ನಡೆಸಿ ನೋಡಿದವನನ್ನೂ ಬೇರೆಬೇರೆಯಾಗಿ ದಾಖಲಿಸುತ್ತವೆ. ಮೊದಲನೆಯದು ಕೋಡು ಸರಿಯಾಗಿ ನಡೆಯುವುದೆಂಬ ಭರವಸೆಯಲ್ಲವೆಂದು ಸ್ಪಷ್ಟವಾಗಿಯೂ ಹೇಳುತ್ತವೆ.

ಈ ಭೇದವು ನಮಗೆ ಹೊಸದಲ್ಲ. ದರೋಜಿ, ಕಂಪ್ಲಿಗಳ ಸುತ್ತಿನ ಶಾಸನಗಳನ್ನು ಅಭ್ಯಾಸ ಮಾಡುವವನು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಒಂಬತ್ತನೆಯ ಸಂಪುಟದ ಅಚ್ಚಾದ ಪಾಠವನ್ನು ಎಷ್ಟು ಎಚ್ಚರದಿಂದ ಓದಿದರೂ, ಕಲ್ಲಿನ ಮುಂದೆ ನಿಂತು ಅಕ್ಷರವನ್ನು ಕಂಡವನ ಸಾಕ್ಷ್ಯವು ಬೇರೆಯೇ. ಮಂಡಲಿಯ ವರ್ಗೀಕರಣವಾದರೋ ಸರಿ–ತಪ್ಪುಗಳಲ್ಲಿಯೇ ಮುಗಿಯುತ್ತದೆ. ಆ 64ರಲ್ಲಿ ಎಷ್ಟನ್ನು ಸಾಧನದ ಮೇಲೆ ನಡೆಸಿ ನೋಡಲಾಗಿತ್ತೆಂಬ ವರ್ಗವು ಅದರಲ್ಲಿಲ್ಲ. ಕರ್ನಲ್ಲಿನ ತಿದ್ದುಪಡಿಗಳ ದಾಖಲೆಯು ಎಲ್ಲರಿಗೂ ತೆರೆದಿರುವುದರಿಂದ, ಆ ಎಣಿಕೆಯನ್ನು ನಮ್ಮ ವಿದ್ಯಾರ್ಥಿಗಳೇ ಕೈಗೊಳ್ಳಬಹುದು.