ಹೃದಯದ ತೂಕ

ಈಜಿಪ್ಟು ದೇಶದ ಹೆಸರು ಕನ್ನಡ ಸಾಹಿತ್ಯಾಭಿಮಾನಿಗಳಿಗೆ ಹೊಸದಲ್ಲ. ಅಲ್ಲಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ದೊರೆತು ೧೯೦೩ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳು ಅಡಗಿವೆಯೆಂದು ಹುಲ್ಷ್ ಪಂಡಿತರು ಸೂಚಿಸಿದರು. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಚರ್ಚೆಯನ್ನು ಬೆಳೆಸಿದರು. ಅಂದಿನಿಂದ ಪಪೈರಸ್ ಎಂಬ ಶಬ್ದ ಈ ನಾಡಿನ ವಿದ್ವದ್ಗೋಷ್ಠಿಗಳಲ್ಲಿ ಆಗಾಗ್ಗೆ ಕೇಳಿಬರುತ್ತಿದೆ. ಆ ವಾದ ಇನ್ನೂ ತೀರಿಲ್ಲ. ತೀರದಿದ್ದರೆ ನಷ್ಟವೂ ಇಲ್ಲ. ಆದರೆ ಆ ಪ್ರಹಸನ ರೋಮನರ ಆಳಿಕೆಯ ಕಾಲದ್ದು. ಅದು ಹುಟ್ಟುವ ಹೊತ್ತಿಗೆ ಈಜಿಪ್ಟಿನ ಸ್ವಂತ ಧರ್ಮಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ವಯಸ್ಸಾಗಿದ್ದಿತು. ಅದೇ ಬಗೆಯ ಜೊಂಡಿನ ಹಾಳೆಯ ಮೇಲೆ ಆ ಜನ ಮನುಷ್ಯನ ಒಳಿತು ಕೆಡಕುಗಳನ್ನು ಕುರಿತು ತಾವಾಗಿಯೇ ಬರೆದಿಟ್ಟುದು, ಪ್ರಹಸನದ ನಾಲ್ಕು ಪದಗಳಿಗಿಂತ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು.

ಆ ಬರಹಗಳ ನಡುವಣ ಶಬ್ದ 'ಮಾಆತ್'. ಸತ್ಯ, ನ್ಯಾಯ, ಕ್ರಮ, ಇವು ಮೂರೂ ಅದರಲ್ಲಿ ಸೇರಿವೆ. ಒಂದೊಂದನ್ನೇ ಬಿಡಿಸಿ ಹೇಳಿದರೆ ಅರ್ಥ ಸೋರಿಹೋಗುವುದು. ವೇದದ ಋತವನ್ನು ಬಲ್ಲವರಿಗೆ ಇದರ ಸ್ವಾರಸ್ಯ ಬೇಗ ತಿಳಿಯಬಹುದಾದರೂ ಎರಡೂ ಒಂದೇ ಎಂದು ಹೇಳಿಬಿಡುವುದು ಆತುರದ ಮಾತು. ಋತಕ್ಕೆ ರೂಪವಿಲ್ಲ, ಮಾಆತ್ ತಲೆಯ ಮೇಲೆ ಉಷ್ಟ್ರಪಕ್ಷಿಯ ಗರಿಯೊಂದನ್ನು ಧರಿಸಿದ ದೇವಿ. ದೊರೆ ಅವಳ ಪುಟ್ಟ ಬೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ದೇವರಿಗೆ ನೈವೇದ್ಯ ಮಾಡುವ ಚಿತ್ರಗಳು ಗುಡಿಗಳ ಗೋಡೆಗಳ ಮೇಲೆ ಎಷ್ಟೋ ಇವೆ. ಧರ್ಮವನ್ನೇ ದೇವರಿಗೆ ಉಣಬಡಿಸುವ ಈ ಕಲ್ಪನೆ ಬಹು ಸೊಗಸಾದುದು.

ಆ ಗರಿಯ ಎದುರಿಗೆ ಸತ್ತವನ ಹೃದಯವನ್ನು ತೂಗುವ ದೃಶ್ಯವೇ ಲೋಕಪ್ರಸಿದ್ಧವಾಗಿರುವುದು. ೧೮೪೨ರಲ್ಲಿ ಲೆಪ್ಸಿಯಸ್ ಎಂಬ ಜರ್ಮನ್ ವಿದ್ವಾಂಸನು 'ಸತ್ತವರ ಪುಸ್ತಕ'ವೆಂದು ಹೆಸರಿಟ್ಟು ಪ್ರಕಟಿಸಿದ ಮಂತ್ರಸಂಗ್ರಹದಲ್ಲಿ ೧೨೫ನೆಯ ಅಧ್ಯಾಯವಾಗಿ ಇದು ಬರುತ್ತದೆ. ಈಜಿಪ್ಟಿನವರು ಇಟ್ಟ ಹೆಸರಿನ ಅರ್ಥ ಬೇರೆ: ಹಗಲಿಗೆ ಹೊರಬರುವ ಗ್ರಂಥವೆಂದು. ೧೮೮೮ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದ ಆನಿಯ ಸುರುಳಿ, ಸುಮಾರು ಕ್ರಿ. ಪೂ. ೧೨೫೦ರದು, ಇವುಗಳಲ್ಲೆಲ್ಲ ಹೆಸರಾದುದು. ಆನಿ ದೇವರ ಕಾಣಿಕೆಗಳ ಲೆಕ್ಕವನ್ನು ಬರೆಯುತ್ತಿದ್ದ ಕರಣಿಕ. ಬಾಳೆಲ್ಲ ಪರರ ಲೆಕ್ಕ ಬರೆದವನು ತನ್ನ ಲೆಕ್ಕದ ಎದುರಿಗೆ ಹೆಂಡತಿಯೊಡನೆ ಬಾಗಿ ನಿಂತಿದ್ದಾನೆ. ಅನುಬಿಸ್ ದೇವ ತಕ್ಕಡಿಯ ಮುಳ್ಳನ್ನು ನೋಡುತ್ತಾನೆ. ಥೋತ್ ದೇವ ಲೇಖನಿ ಹಿಡಿದಿದ್ದಾನೆ. ಮೊಸಳೆಯ ಮೋರೆ, ಸಿಂಹದ ಮುಂಗಾಲು, ನೀರ್ಗುದುರೆಯ ಹಿಂಬದಿಯುಳ್ಳ ರಕ್ಕಸಿಯೊಬ್ಬಳು ತೂಕ ತಪ್ಪಿದ ಹೃದಯವನ್ನು ನುಂಗಲು ಕಾದಿದ್ದಾಳೆ.

ಚಿತ್ರಗುಪ್ತನ ಕಡತವನ್ನು ಬಲ್ಲ ವಾಚಕರು ಇಲ್ಲೊಂದು ಭೇದವನ್ನು ಗಮನಿಸಬೇಕು. ಚಿತ್ರಗುಪ್ತನು ಬರೆದುದು ಇನ್ನೊಬ್ಬನು ಬರೆದ ಲೆಕ್ಕ. ಥೋತನಾದರೋ ತೂಕದ ಫಲವನ್ನು ಮಾತ್ರ ಬರೆದುಕೊಳ್ಳುವನು. ಸಾಕ್ಷಿ ಹೇಳಬೇಕಾದುದು ಅವನವನ ಹೃದಯವೇ.

ಆ ಸಭೆಯಲ್ಲಿ ಸತ್ತವನು ನಾಲ್ವತ್ತೆರಡು ಮಂದಿ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಹೆಸರಿಡಿದು ಕರೆದು, ಒಂದೊಂದು ಪಾಪವನ್ನು ಮಾಡಿಲ್ಲವೆಂದು ನಿವೇದಿಸುವನು. ಕೊಲೆ, ಕಳವು, ವ್ಯಭಿಚಾರಗಳನ್ನು ಅಲ್ಲಗಳೆಯುವುದರಲ್ಲಿ ವಿಶೇಷವೇನೂ ಇಲ್ಲ. ಎಲ್ಲ ಮತಗಳ ಪಟ್ಟಿಯಲ್ಲಿಯೂ ಅವು ಇರುವುವು. ವಿಶೇಷವಿರುವುದು ಚಿಕ್ಕ ಮಾತುಗಳಲ್ಲಿ. ಧಾನ್ಯದ ಅಳತೆಯನ್ನು ಕುಗ್ಗಿಸಲಿಲ್ಲ, ತೂಕದ ಕಲ್ಲನ್ನು ತಿದ್ದಲಿಲ್ಲ, ಹರಿಯುವ ನೀರಿಗೆ ಅಡ್ಡಕಟ್ಟಲಿಲ್ಲ, ಹಸುಳೆಯ ಬಾಯಿಂದ ಹಾಲನ್ನು ಕಸಿಯಲಿಲ್ಲ, ಒಬ್ಬರನ್ನೂ ಅಳಿಸಲಿಲ್ಲ, ಪರರ ಮಾತಿಗೆ ಮರೆಯಲ್ಲಿ ಕಿವಿಗೊಡಲಿಲ್ಲ ಎನ್ನುವನು. ಕೊನೆಗೆ, ಸತ್ಯದ ನುಡಿಗೆ ಕಿವುಡಾಗಲಿಲ್ಲವೆಂದೂ ಹೇಳುವನು. ನೀರೇ ಜೀವವಾದ ನಾಡಿನಲ್ಲಿ ಕಾಲುವೆಗೆ ಅಡ್ಡ ಕಟ್ಟುವುದು ಕೊಲೆಯ ಪಕ್ಕದಲ್ಲಿ ಕುಳಿತುಕೊಳ್ಳುವ ಪಾಪವಾದುದು ಯುಕ್ತವೇ. ಹೊಳೆಯ ನೀರಿಗಾಗಿ ಊರೂರು, ಪ್ರಾಂತ ಪ್ರಾಂತ ಜಗಳವಾಡುವ ಕಾಲದಲ್ಲಿ ಈ ಸಾಲನ್ನು ಹಳೆಯದೆಂದು ಯಾರು ಹೇಳಬಲ್ಲರು?

ಈ ಪಟ್ಟಿಯನ್ನು ಹೊಗಳಿ ಅಲ್ಲಿಗೇ ನಿಲ್ಲುವುದು ಈಚಿನ ಧರ್ಮಬೋಧಕ ಗ್ರಂಥಗಳ ರೂಢಿ. ಆದರೆ ವಿಮರ್ಶಕನ ಕೆಲಸ ಅಲ್ಲಿಂದ ಮೊದಲಾಗುವುದು. ಇಂತಹ ಸುರುಳಿಗಳನ್ನು ಕಾರ್ಖಾನೆಯ ಸರಕಿನಂತೆ ಮೊದಲೇ ಬರೆದಿಟ್ಟು, ಕೊಳ್ಳುವವನ ಹೆಸರಿಗೆ ಜಾಗ ಬಿಡುತ್ತಿದ್ದರು. ಆನಿಯ ಸುರುಳಿಯಲ್ಲಿಯೇ ಹಲವೆಡೆ ಅವನ ಹೆಸರನ್ನು ಬೇರೊಂದು ಕೈ ತುಂಬಿರುವುದು ಕಾಣುತ್ತದೆ. ಎಂದರೆ, ಯಾರ ಪಾಪವನ್ನು ಅಲ್ಲಗಳೆಯುತ್ತಿದೆಯೆಂದು ಗೊತ್ತಾಗುವುದಕ್ಕೆ ಮೊದಲೇ ನಿಷ್ಪಾಪತ್ವ ಬರೆದು ಸಿದ್ಧವಾಗಿದ್ದಿತು! ಇಷ್ಟೇ ಅಲ್ಲ. ಹಸುರು ಕಲ್ಲಿನಲ್ಲಿ ಕೆತ್ತಿದ ಜೀರುಂಡೆಯೊಂದನ್ನು ಹೆಣದ ಎದೆಯ ಮೇಲಿಡುವ ವಾಡಿಕೆಯಿತ್ತು. ಅದರ ಮೇಲಣ ಮಂತ್ರ ಹೃದಯವನ್ನು ಬೇಡಿಕೊಳ್ಳುತ್ತದೆ: ವಿಚಾರಣೆಯ ಹೊತ್ತಿನಲ್ಲಿ ತನಗೆ ಪ್ರತಿಯಾಗಿ ಸಾಕ್ಷಿ ನುಡಿಯಬಾರದೆಂದು. ಹೃದಯ ಸುಳ್ಳಾಡದೆಂದು ನಂಬಿದ ಜನವೇ ಅದರ ಬಾಯಿ ಕಟ್ಟುವ ಉಪಾಯವನ್ನೂ ಹುಡುಕಿತು.

ಅಮೆರಿಕದ ಬ್ರೆಸ್ಟೆಡ್ ಪಂಡಿತರು ೧೯೩೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಮನುಕುಲದ ಅಂತಃಸಾಕ್ಷಿಯ ಉದಯವನ್ನು ಈಜಿಪ್ಟಿನಲ್ಲಿ ಕಂಡರು. ಈ ಮಂತ್ರತಂತ್ರಗಳ ದೋಷವನ್ನು ಪುರೋಹಿತರ ಲೋಭದ ಮೇಲೆ ಹೊರಿಸಿದರು. ಅವರ ಮೊದಲ ಮಾತು ಉದಾರವಾದುದು; ಎರಡನೆಯದು ಅರ್ಧ ನ್ಯಾಯ. ಮಾರಿದವನಷ್ಟೇ ಕೊಂಡವನೂ ಅದನ್ನು ಬಯಸಿದ್ದನು. ಇಂದಿನ ಬಾಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ವಿದ್ಯಾಲಯಕ್ಕೆ ಸೇರುವ ಹುಡುಗನಿಂದ ಹಿಡಿದು ಗುತ್ತಿಗೆ ಹಿಡಿಯುವ ಸಾಹುಕಾರನವರೆಗೆ ಇಂದು ಎಲ್ಲರೂ ಅಚ್ಚಾದ ನಮೂನೆಯ ಪ್ರಮಾಣಪತ್ರಕ್ಕೆ ಸಹಿ ಹಾಕುವರು: ಏನನ್ನೂ ಮರೆಮಾಚಿಲ್ಲ, ಯಾವ ನಿಯಮವನ್ನೂ ಮೀರಿಲ್ಲ. ವಾಕ್ಯಗಳು ಮೊದಲೇ ಸಿದ್ಧ. ಹೆಸರಿಗೆ ಮಾತ್ರ ಖಾಲಿ ಗೆರೆ. ಓದದೆ ಸಹಿ ಹಾಕುವವರೇ ಬಹು ಮಂದಿ. ಇಲ್ಲಿ ಪುರೋಹಿತರಿಲ್ಲ, ರೋಗ ಮಾತ್ರ ಅದೇ. ಮಾಡಲಿಲ್ಲವೆಂಬ ಮಾತಿನಿಂದ ಕಟ್ಟಿದ ನೀತಿ ಬಹುಬೇಗ ನಮೂನೆಯ ಕಾಗದವಾಗುವುದು.

ಹಾಗಾದರೆ ಈಜಿಪ್ಟಿನ ನೀತಿಯ ಜೀವ ಎಲ್ಲಿದೆ? ಗೋರಿಗಳ ಗೋಡೆಗಳಲ್ಲಿ, ಹಸಿದವನಿಗೆ ರೊಟ್ಟಿಯನ್ನೂ ಬೆತ್ತಲೆಯವನಿಗೆ ಬಟ್ಟೆಯನ್ನೂ ದೋಣಿಯಿಲ್ಲದವನಿಗೆ ದೋಣಿಯನ್ನೂ ಕೊಟ್ಟೆವೆಂದು ಅಧಿಕಾರಿಗಳು ಬರೆಸಿದ ಆತ್ಮಚರಿತೆಗಳಲ್ಲಿ ಸ್ವಲ್ಪವಿದೆ. ಪಾಪಿಯ ಎತ್ತಿಗಿಂತ ಸಜ್ಜನನ ಶೀಲವೇ ದೇವರಿಗೆ ಒಪ್ಪಿಗೆಯೆಂದು ಮಗನಿಗೆ ತಿಳಿಸುವ ದೊರೆಯ ಉಪದೇಶದಲ್ಲಿ ಇನ್ನೂ ಸ್ವಲ್ಪವಿದೆ. ಆದರೆ ಅದು ಪೂರ್ಣವಾಗಿ ಮಿಡಿಯುವುದು ಒಂದು ಕಥೆಯಲ್ಲಿ. 'ವಾಗ್ಮಿಯಾದ ಹಳ್ಳಿಗ'ನೆಂದು ಅದನ್ನು ಕರೆಯುವರು. ಸುಮಾರು ಕ್ರಿ. ಪೂ. ೧೮೫೦ರ ಅಂಚಿನದು, ಅದರ ಮುಖ್ಯ ಪ್ರತಿಗಳು ಬರ್ಲಿನ್ನಿನಲ್ಲಿವೆ.

ನೈಲ್ ಕಣಿವೆಯ ಪಶ್ಚಿಮಕ್ಕೆ ಸವಳುಪ್ಪಿನ ತಗ್ಗುನಾಡೊಂದುಂಟು. ಅಲ್ಲಿಯ ಖುನಾನುಪ್ ಎಂಬ ಬಡವ, ಕಣಜದಲ್ಲಿ ಉಳಿದ ಜವೆಯನ್ನು ಹೆಂಡತಿಯಿಂದ ಅಳೆಯಿಸಿ, ಅವಳಿಗೂ ಮಕ್ಕಳಿಗೂ ಪಾಲಿಟ್ಟು, ಸವಳು ಉಪ್ಪು ಮುಂತಾದುವನ್ನು ಕತ್ತೆಗಳ ಮೇಲೆ ಹೇರಿಕೊಂಡು ಪೇಟೆಗೆ ಹೊರಡುವನು. (ಕಥೆ ಅಳತೆಯಿಂದಲೇ ಮೊದಲಾಗುವುದನ್ನು ನೋಡಿರಿ.) ದಾರಿಯಲ್ಲಿ ನೆಮ್ತಿನಖ್ತನೆಂಬವನು ಆ ಕತ್ತೆಗಳಿಗೆ ಆಸೆಪಟ್ಟು ಇಕ್ಕಟ್ಟಾದ ಹಾದಿಗೆ ಅಡ್ಡಲಾಗಿ ಬಟ್ಟೆ ಹಾಸಿಸುವನು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಅವನ ಜವೆಯ ಹೊಲ. ಹೊಲದ ಅಂಚಿಗೆ ಸರಿದ ಕತ್ತೆ ಒಂದು ಬಾಯಿ ಪೈರು ತಿಂದಿತು. ಅಷ್ಟಕ್ಕೇ ಕತ್ತೆಗಳೆಲ್ಲ ಹೋದುವು. ಮೇಲೆ ಹಸಿಕೊಂಬೆಯ ಏಟು ಬೇರೆ. ಹತ್ತು ದಿನ ಬೇಡಿದರೂ ಫಲವಿಲ್ಲದೆ ಹಳ್ಳಿಗ ಮಹಾಪಾರುಪತ್ಯಗಾರನಾದ ರೆನ್ಸಿಯ ಬಳಿಗೆ ಹೋಗುವನು. ರೆನ್ಸಿಯ ಪರಿವಾರದ ಅಧಿಕಾರಿಗಳು, ಅಷ್ಟು ಉಪ್ಪು ಸವಳಿಗಾಗಿ ತಮ್ಮವನೊಬ್ಬನನ್ನು ದಂಡಿಸುವುದುಂಟೆ ಎನ್ನುವರು. ರೆನ್ಸಿ ಅವರಿಗೂ ಉತ್ತರ ಕೊಡಲಿಲ್ಲ, ಹಳ್ಳಿಗನಿಗೂ ಕೊಡಲಿಲ್ಲ.

ಆಗ ಹಳ್ಳಿಗನ ಮೊದಲ ಮೊರೆ. ಅದು ಎಷ್ಟು ಚೆನ್ನಾಗಿದ್ದಿತೆಂದರೆ, ರೆನ್ಸಿ ಓಡಿಹೋಗಿ ಕಾಡಿನ ರತ್ನವೊಂದು ಸಿಕ್ಕಿದೆಯೆಂಬಂತೆ ದೊರೆ ನೆಬ್‌ಕೌರೆಗೆ ತಿಳಿಸುವನು. ದೊರೆಯ ಅಪ್ಪಣೆ ವಿಚಿತ್ರವಾದುದು: ಮಾತಾಡದೆ ಇರು; ಅವನು ಇನ್ನೂ ಮಾತಾಡಲಿ; ಆಡಿದುದನ್ನೆಲ್ಲ ಬರೆಯಿಸು; ಅವನ ಹೆಂಡತಿ ಮಕ್ಕಳಿಗೂ ಅವನಿಗೂ ಅನ್ನ ತಪ್ಪದಿರಲಿ, ಆದರೆ ಕೊಟ್ಟವರಾರೆಂದು ಅವನಿಗೆ ತಿಳಿಯದಿರಲಿ. ದಿನಕ್ಕೆ ಹತ್ತು ರೊಟ್ಟಿ, ಎರಡು ಗಡಿಗೆ ಬೀರು ಗೆಳೆಯನೊಬ್ಬನ ಕೈಯಿಂದ ಗುಟ್ಟಾಗಿ ಸಲ್ಲುತ್ತವೆ. ನ್ಯಾಯ ಮಾತ್ರ ಸಲ್ಲುವುದಿಲ್ಲ. ಹಳ್ಳಿಗ ಒಂಬತ್ತು ಸಲ ಬಂದು ಮೊರೆಯಿಡುವನು. ಮೂರನೆಯ ಸಲ ಮಾತು ತೀಕ್ಷ್ಣವಾದುದಕ್ಕೆ ಚಾವಟಿಯ ಏಟನ್ನೂ ತಿನ್ನುವನು.

ಈ ಒಂಬತ್ತು ಮೊರೆಗಳು ಹೇಳಿದುದನ್ನೇ ಹೇಳುವುವೆಂದು ಆಕ್ಷೇಪಿಸುವವರುಂಟು. ಅದು ಸಭಾಂಗಣದಲ್ಲಿ ಕುಳಿತವರ ಆಕ್ಷೇಪ. ಬಾಗಿಲಲ್ಲಿ ಕಾದು ನಿಂತವನ ಬಾಳೇ ಪುನರುಕ್ತಿ. ಅವನ ಉಪಮೆಗಳನ್ನು ಗಮನಿಸಬೇಕು. ಪರಲೋಕದಲ್ಲಿ ಅನುಬಿಸನ ಕೈಯಲ್ಲಿದ್ದ ತಕ್ಕಡಿಯನ್ನು ಈ ಬಡವ ಕಚೇರಿಗೆ ತಂದು, ಅಧಿಕಾರಿಯ ಮೈಯಲ್ಲಿಯೇ ನಿಲ್ಲಿಸುವನು: ಅವನ ನಾಲಗೆಯೇ ತೂಗುಗುಂಡು, ಹೃದಯವೇ ತೂಕದ ಕಲ್ಲು, ತುಟಿಗಳೇ ದಂಡ. ನ್ಯಾಯಾಧಿಪತಿ ತಕ್ಕಡಿಯನ್ನು ಹಿಡಿದವನಲ್ಲ, ಅವನೇ ತಕ್ಕಡಿ. ಓರೆಯಾದರೆ ಲೋಕವೇ ಓರೆಯಾಗುವುದು. ಸತ್ತ ಮೇಲೆ ಹೃದಯವನ್ನು ತೂಗುವರೆಂಬ ನಂಬಿಕೆಗಿಂತ, ಬದುಕಿರುವವನ ಹೃದಯವೇ ಇನ್ನೊಬ್ಬನ ದುಃಖವನ್ನು ತೂಗುವ ಕಲ್ಲೆಂಬ ಈ ಭಾವ ಬಹು ದೂರ ಮುಂದುವರಿದುದು. ಇದಕ್ಕೆ ಪ್ರೇತಲೋಕವೇ ಬೇಕಾಗಿಲ್ಲ. ಅರ್ಜಿ ಬರುವ ಯಾವ ಕಚೇರಿಯ ಮೇಜಾದರೂ ಸಾಕು.

ಜರ್ಮನಿಯ ಯಾನ್ ಅಸ್ಮನ್ ಪಂಡಿತರು ೧೯೯೦ರಲ್ಲಿ ಮಾಆತನ್ನು ಕುರಿತು ಬರೆದ ಗ್ರಂಥದಲ್ಲಿ ಈ ಕಥೆಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡರು. ಒಬ್ಬರಿಗಾಗಿ ಒಬ್ಬರು ನಡೆಯುವುದು, ಒಬ್ಬರ ಮಾತಿಗೆ ಒಬ್ಬರು ಕಿವಿಗೊಡುವುದು, ದುರಾಸೆಯನ್ನು ತೊರೆಯುವುದು, ಮಾಆತ್ ಈ ಮೂರರ ಕಟ್ಟೆಂಬುದು ಅವರ ನಿರೂಪಣೆಯ ಸಾರ. ಮೂರರಲ್ಲಿ ನಡುವಣದು ಇಂದು ಅತಿ ದುರ್ಲಭವಾಗಿದೆ. ದುರಾಸೆಯನ್ನು ಬೈಯಲು ಬೇಕಾದಷ್ಟು ಮಂದಿಯಿದ್ದಾರೆ, ದಾನಕ್ಕೂ ಕೊರತೆಯಿಲ್ಲ. ಮೊರೆ ಕೇಳಿ ಹೊತ್ತಿಗೆ ಸರಿಯಾಗಿ ಮರುನುಡಿ ಕೊಡುವವರು ಮಾತ್ರ ವಿರಳ.

ಈ ಕಥೆಯ ಕಹಿಯಾದರೋ ಇಲ್ಲಿಯೇ ಇದೆ. ದೊರೆ ಕಿವುಡನಲ್ಲ, ರೆನ್ಸಿ ಲಂಚಕೋರನಲ್ಲ. ಇಬ್ಬರೂ ರಸಿಕರು! ನ್ಯಾಯ ತಡವಾದುದು ದ್ವೇಷದಿಂದಲ್ಲ; ಮಾತು ಚೆನ್ನಾಗಿದ್ದುದರಿಂದ. ಏಟು ತಿಂದವನ ಗೋಳು ಅರಮನೆಗೆ ಕಾವ್ಯವಾಯಿತು. ಕಥೆಯನ್ನು ಬರೆದವನು ಇದನ್ನು ಅರಿಯದೆ ಬರೆದನೆಂದು ತೋರುವುದಿಲ್ಲ. ಹಳ್ಳಿಗನ ಮಾತು ಮೊರೆ ಮೊರೆಗೂ ಕತ್ತಲಾಗುತ್ತ ಹೋಗುವುದನ್ನು ಅವನು ಬಲು ಎಚ್ಚರದಿಂದ ನಡೆಸಿದ್ದಾನೆ. ಈ ಮೊರೆಗಳ ಸೊಗಸಿಗೆ ತಲೆದೂಗುವ ವಾಚಕನಾದರೂ ದೊರೆಯ ಪಕ್ಕದಲ್ಲಿಯೇ ಕುಳಿತಿದ್ದಾನಲ್ಲವೆ? ಬರಗಾಲದ ಚಿತ್ರಪಟಕ್ಕೆ ಬಹುಮಾನ ಕೊಡುವ, ನಿರಾಶ್ರಿತರ ಕಥನವನ್ನು ಮೆಚ್ಚಿ ಮಡಿಸಿಡುವ ಕಾಲಕ್ಕೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ.

ಇದು ಬರಿಯ ಕಥೆಯೆಂದು ಸಮಾಧಾನಪಟ್ಟುಕೊಳ್ಳುವವರಿಗೆ ಟ್ಯೂರಿನ್ ನಗರದಲ್ಲಿರುವ ಇನ್ನೊಂದು ಸುರುಳಿ ಉತ್ತರ ಕೊಡುವುದು. ಮೂರನೆಯ ರಾಮ್ಸೆಸ್ ದೊರೆಯ ೨೯ನೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ. ಪೂ. ೧೧೫೭ರಲ್ಲಿ, ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕೆಲಸಗಾರರು ಧಾನ್ಯದ ಸಂಬಳ ಬಾರದೆ ಉಳಿ ಕೆಳಗಿಟ್ಟು ಹೋಗಿ ಗುಡಿಯ ಹಿಂದೆ ಕುಳಿತರು. ಹಸಿವೂ ಬಾಯಾರಿಕೆಯೂ ತಮ್ಮನ್ನು ಅಲ್ಲಿಗೆ ತಂದುವೆಂದೂ, ಬಟ್ಟೆ ಎಣ್ಣೆ ಮೀನು ಸೊಪ್ಪುಗಳಿಲ್ಲವೆಂದೂ, ದೊರೆಗೆ ಬರೆದು ತಿಳಿಸಬೇಕೆಂದೂ ಅವರು ಹೇಳಿದರು. ಅಂತಹ ಗೋರಿಗಳ ಬಾಗಿಲಲ್ಲಿ ಮಾಆತ್ ದೇವಿ ರೆಕ್ಕೆ ಹರಡಿ ಕುಳಿತಿರುವುದನ್ನು ಇಂದಿಗೂ ಕಾಣಬಹುದು. ಅವಳಿಗೆ ಬಣ್ಣ ತುಂಬಿದ ಕೈಗಳಿಗೆ ಕೂಳಿಲ್ಲ! ಈ ಕೆಲಸಗಾರರ ಮಾತಿನಲ್ಲಿ ಅಲಂಕಾರವಿಲ್ಲ. ಅದಕ್ಕೆಂದೇ ಅದನ್ನು ಯಾರೂ ಕಾವ್ಯವೆಂದು ಹೊಸ ಸುರುಳಿಗೆ ಇಳಿಸಲಿಲ್ಲ. ಕರಣಿಕನೊಬ್ಬನು ದಿನಚರಿಯ ಲೆಕ್ಕವಾಗಿ ಬರೆದಿಟ್ಟನು. ಆದರೂ ಖುನಾನುಪನ ಮೊರೆಗೂ ಇದಕ್ಕೂ ತಿರುಳೊಂದೇ.

ಒಂಬತ್ತನೆಯ ಮೊರೆಯ ಕೊನೆಗೆ ಹಳ್ಳಿಗ, ಇನ್ನು ರೆನ್ಸಿಯ ಮೇಲೆ ಅನುಬಿಸನಿಗೇ ದೂರು ಕೊಡುವೆನೆಂದು ಬೆನ್ನು ತಿರುಗಿಸಿ ನಡೆಯುವನು. ಈಜಿಪ್ಟಿನವನು ಅನುಬಿಸನ ಬಳಿಗೆ ಹೋಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಕಾವಲುಗಾರರು ಅವನನ್ನು ಹಿಡಿತರುವರು. ಇನ್ನು ದಂಡನೆಯೇ ಸರಿಯೆಂದು ಅವನು ನಡುಗುವನು. ಆಗ ರೆನ್ಸಿ ಹೊಸ ಸುರುಳಿಯಿಂದ ಅವನ ಮಾತುಗಳನ್ನೇ ಅವನಿಗೆ ಓದಿಸಿ ಕೇಳಿಸುವನು. ಸುರುಳಿ ದೊರೆಗೆ ಹೋಗುವುದು. ಇಡೀ ನಾಡಿನಲ್ಲಿ ಅವನಿಗೆ ಅಷ್ಟು ಸಂತೋಷ ಕೊಟ್ಟ ವಸ್ತು ಬೇರೊಂದಿಲ್ಲ. ತೀರ್ಪನ್ನು ಮಾತ್ರ ತಾನು ಕೊಡದೆ ರೆನ್ಸಿಗೇ ಬಿಡುವನು. ನೆಮ್ತಿನಖ್ತನ ಆಸ್ತಿಯ ಪಟ್ಟಿಯಾಗುವುದು: ಆರು ಮಂದಿ ಆಳುಗಳು, ಜವೆ, ಗೋದಿ, ಕತ್ತೆಗಳು, ಹಂದಿಗಳು. ಅದೆಲ್ಲ ಹಳ್ಳಿಗನಿಗೆ ಸೇರುವುದು. ಅಲ್ಲಿಗೆ ಹಾಳೆ ಜೀರ್ಣವಾಗಿ ಸಾಲುಗಳು ಹರಿದಿವೆ. ಹಸಿಕೊಂಬೆಯ ಏಟಿನ ಮಾತಾಗಲಿ ಚಾವಟಿಯ ಏಟಿನ ಮಾತಾಗಲಿ ಉಳಿದ ಸಾಲುಗಳಲ್ಲಿ ಎಲ್ಲಿಯೂ ಇಲ್ಲ; ಜವೆ ಅಳೆದುಕೊಟ್ಟು ಕಳುಹಿಸಿದ ಹೆಂಡತಿಯ ಬಳಿಗೆ ಅವನು ಮರಳಿದುದೂ ಇಲ್ಲ.