ಎರಡೂ ಕಡೆಯ ಮಾತು

ಆಸ್ಟ್ರೇಲಿಯದವರಿಗೆ ‘ಫೇರ್ ಗೋ’ ಎಂಬ ಮಾತು ಬಲು ಹೆಮ್ಮೆಯದು. ಯಾರಿಗೂ ಅನ್ಯಾಯವಾಗಬಾರದು, ಎಲ್ಲರಿಗೂ ಅವಕಾಶವಿರಬೇಕು ಎಂದರ್ಥ. ಬೆಂಗಳೂರಿನ ವೈದ್ಯ ಮೊಹಮ್ಮದ್ ಹನೀಫ್ 2007ರ ಜುಲೈ 2ರಂದು ಬ್ರಿಸ್ಬೇನ್‌ನಲ್ಲಿ ಬಂಧಿತರಾದಾಗ ಆ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಯಿತು.

ಆರೋಪ ಹೊರಿಸದೆ ಹನ್ನೆರಡು ದಿನ ಕೂಡಿಟ್ಟಿದ್ದು ಕಾನೂನಿನಂತೆಯೇ ಎಂದರು ಪೊಲೀಸರು. ಜುಲೈ 16ರಂದು ನ್ಯಾಯಾಲಯ ಜಾಮೀನು ಕೊಟ್ಟಿತು. ಅದೇ ದಿನ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿದರು.

ಇನ್ನು ಮಾಧ್ಯಮಗಳು. ಹನೀಫ್ ಬ್ರಿಟನ್ ಬಿಡುವಾಗ ಸಂಬಂಧಿಗೆ ಕೊಟ್ಟುಬಂದ ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಸರಕಾರಿ ವಕೀಲರು ಹೇಳಿದರು. ಲೋಕವೆಲ್ಲ ಅದನ್ನೇ ಓದಿತು. ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ! ‘ಎರಡೂ ಕಡೆಯ ಮಾತು ಹಾಕುತ್ತೇವೆ’ ಎಂಬ ಪತ್ರಕರ್ತರ ಸಮರ್ಥನೆ ಇಲ್ಲಿ ನಮಗೆ ಪೊಳ್ಳೆನಿಸುತ್ತದೆ. ಒಂದು ಕಡೆ ದಿನಕ್ಕೊಂದು ಹೇಳಿಕೆ ಕೊಡುವ ಸರಕಾರ, ಇನ್ನೊಂದು ಕಡೆ ಸೆರೆಯಲ್ಲಿರುವ ಮನುಷ್ಯ. ಅವನ ಮಾತನ್ನು ಹಾಕುವುದಾದರೂ ಹೇಗೆ? ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟಗಳನ್ನು ಪತ್ರಿಕೆಯೊಂದಕ್ಕೆ ಕೊಟ್ಟ ಮೇಲಷ್ಟೇ ಓದುಗರಿಗೆ ಹನೀಫರ ದನಿ ಕೇಳಿಸಿತು. ದೂರು ಬಂದದ್ದು ಮಾತ್ರ ಕೀಮ್ ಮೇಲೆ. ಅದು ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು.

ಜುಲೈ 27ರಂದು ಮೊಕದ್ದಮೆ ಕೈಬಿಟ್ಟರು. ಹನೀಫರ ವಿರುದ್ಧ ಆಧಾರವೇ ಇರಲಿಲ್ಲವೆಂದು 2008ರ ಕ್ಲಾರ್ಕ್ ವರದಿ ಹೇಳಿತು. ಬಂಧನದ ದಿನಗಳಲ್ಲಿ ಮುಖಪುಟ ತುಂಬಿದ್ದ ಹೆಸರು ಆ ವರದಿಯ ಹೊತ್ತಿಗೆ ಎಷ್ಟು ಓದುಗರ ನೆನಪಿನಲ್ಲಿತ್ತು? 2010ರಲ್ಲಿ ಸರಕಾರ ಪರಿಹಾರವನ್ನೂ ಕೊಟ್ಟಿತು. ಎಷ್ಟೆಂದು ಬಹಿರಂಗಪಡಿಸಲಿಲ್ಲ.